ಕವರಿನ ಹಿಂದಿನ ಹೆಸರು

ಕೊಪ್ಪದ ಹರಿಹರನಿಗೆ ಬದುಕಿನಲ್ಲಿ ಕೊರತೆ ಅಂತ ಇದ್ದದ್ದು ಒಂದೇ. ಅವನ ಅತ್ತೆ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

ಇದೂ ಒಂದು ಕೊರತೆಯೇ ಎಂದು ಯಾರಾದರೂ ಕೇಳಿದರೆ, ಅವರಿಗೆ ಷಡ್ಡಕ ಇಲ್ಲವೆಂದು ತಿಳಿಯಬೇಕು. ಹರಿಹರ ನರಸಿಂಹರಾಜಪುರದ ಅತ್ತೆಮನೆಯ ಮೆಟ್ಟಿಲು ಹತ್ತಿದ ಕೂಡಲೇ ಸುಬ್ಬಮ್ಮನವರು ಸೆರಗು ಸರಿಮಾಡಿಕೊಂಡು, "ಅಳಿಯಂದಿರು ಬಂದ್ರು, ಚಾಪೆ ಹಾಸು" ಎನ್ನುತ್ತಿದ್ದರು. ಅವನಿಗೆ ಕೊಡುವ ಕಾಫಿ ಲೋಟದ ಕೆಳಗೆ ತಟ್ಟೆ ಇರುತ್ತಿತ್ತು. "ಆರೋಗ್ಯವಾಗಿದ್ದೀರಾ, ಮಳೆ ಹೇಗಿದೆ ನಿಮ್ಮ ಕಡೆ" ಎಂದು ವಿಚಾರಣೆ ನಡೆಯುತ್ತಿತ್ತು. ಕೊಪ್ಪಕ್ಕೂ ನರಸಿಂಹರಾಜಪುರಕ್ಕೂ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ, ಮಳೆ ಎರಡು ಕಡೆಯೂ ಒಂದೇ. ಆದರೂ ಕೇಳುತ್ತಿದ್ದರು, ಮರ್ಯಾದೆಗೆ.

ಅದೇ ಶೃಂಗೇರಿಯ ಕಿರಿಯ ಅಳಿಯ ವೆಂಕಟಯ್ಯ ಬಂದರೆ ಸುಬ್ಬಮ್ಮನವರು ಎದ್ದು ಹೊರಗೂ ಬರುತ್ತಿರಲಿಲ್ಲ. ಅಡುಗೆಮನೆಯಿಂದಲೇ, "ಬಂದ್ಯೇನೋ ವೆಂಕಟ? ಕೈಕಾಲು ತೊಳ್ಕಂಡು ಒಳಗೇ ಬಾ, ದೋಸೆ ಬಿಸಿ ಇದೆ" ಎಂದು ಕೂಗುತ್ತಿದ್ದರು. ವೆಂಕಟಯ್ಯ ಒಲೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾವಲಿಯಿಂದ ನೇರವಾಗಿ ತಟ್ಟೆಗೆ ಬಿದ್ದ ದೋಸೆ ತಿನ್ನುವಾಗ, ಹರಿಹರ ಜಗಲಿಯ ಚಾಪೆಯ ಮೇಲೆ ಒಬ್ಬನೇ ಕೂತು ಹೋದ ವರ್ಷದ ಪಂಚಾಂಗ ಓದುತ್ತಿದ್ದ. ದೋಸೆ ಅವನಿಗೂ ಬರುತ್ತಿತ್ತು. ಮರ್ಯಾದೆಯಿಂದ ಬರುವಷ್ಟರಲ್ಲಿ ಆರಿರುತ್ತಿತ್ತು.

ಇದಕ್ಕೆ ಕಾರಣವೂ ಇತ್ತು. ವೆಂಕಟಯ್ಯ ಸುಬ್ಬಮ್ಮನವರ ಸ್ವಂತ ಅಣ್ಣನ ಮಗ. ಅವರು ಎತ್ತಿ ಆಡಿಸಿದ್ದ ಸೋದರಳಿಯನೇ ಮುಂದೆ ಎರಡನೇ ಮಗಳು ಗಂಗಾಂಬಿಕೆಯನ್ನು ಮದುವೆಯಾಗಿ ಅಳಿಯನೂ ಆಗಿದ್ದ. ಹಿರಿಯ ಮಗಳು ರಾಧಮ್ಮನನ್ನು ಕೈಹಿಡಿದ ಹರಿಹರ ಹೊರಗಿನವನು. ಇದು ಹರಿಹರನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಾರಣ ಗೊತ್ತಾದರೆ ಹೊಟ್ಟೆಕಿಚ್ಚು ಆರುತ್ತದೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಮದುವೆಯಾಗಿ ಮಕ್ಕಳು ಹೈಸ್ಕೂಲಿಗೆ ಬಂದರೂ ಅವನು ಒಂದು ಏಕವಚನಕ್ಕೆ ಕಾಯುತ್ತಲೇ ಇದ್ದ. ಒಮ್ಮೆ ಬೇಕೆಂದೇ ಅತ್ತೆಯ ಎದುರಿಗೆ ಕಾಫಿ ಚೆಲ್ಲಿ ನೋಡಿದ. "ಪರವಾಗಿಲ್ಲ ಬಿಡಿ, ನೀವು ಏಳ್ಬೇಡಿ" ಎಂದು ಸುಬ್ಬಮ್ಮನವರೇ ಬಟ್ಟೆ ತಂದು ಒರೆಸಿದರು. ಹಿಂದಿನ ತಿಂಗಳು ವೆಂಕಟಯ್ಯ ಅದೇ ಜಾಗದಲ್ಲಿ ನೀರು ಚೆಲ್ಲಿದ್ದಾಗ, "ಕೈ ತೂತಾಗಿದ್ಯೇನೋ ನಿಂಗೆ" ಎಂದು ಬೈಸಿಕೊಂಡಿದ್ದ. ಹರಿಹರನಿಗೆ ಆ ರಾತ್ರಿ ಊಟ ಸೇರಲಿಲ್ಲ.

ರಾಧಮ್ಮನಿಗೆ ಈ ವಿಷಯ ತಿಳಿದಾಗ ಅವಳು ಗಂಡನನ್ನು ಬಹಳ ಹೊತ್ತು ನೋಡಿದಳು. ಬೈಸಿಕೊಳ್ಳುವ ಆಸೆ ಅಷ್ಟೊಂದಿದ್ದರೆ ನರಸಿಂಹರಾಜಪುರದವರೆಗೆ ಯಾಕೆ ಅಲೆಯಬೇಕು, ಮನೆಯಲ್ಲೇ ಏರ್ಪಾಡಾಗುತ್ತದೆ ಎಂದಳು. ಆದರೆ ಅವಳೂ ಅದನ್ನು ಬಹುವಚನದಲ್ಲೇ ಹೇಳಿದಳು.

ಇಸವಿ ಎರಡು ಸಾವಿರದ ನಾಲ್ಕರಲ್ಲಿ ಮಾವ ಚೆನ್ನಕೇಶವ ಮೇಷ್ಟ್ರಿಗೆ ಎಂಬತ್ತು ತುಂಬಿತು. ಮೇಷ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಸುತ್ತಲಿನ ಮೂರು ತಾಲ್ಲೂಕುಗಳಲ್ಲಿ ಇಂಗ್ಲಿಷಿನಲ್ಲಿ ತಪ್ಪು ಮಾಡುವ ಯಾರೇ ಆಗಲಿ, ಮೇಷ್ಟ್ರು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಎಂಬತ್ತರ ಶಾಂತಿಯ ಜೊತೆಗೆ ಹಳೆಯ ಶಿಷ್ಯರನ್ನೆಲ್ಲ ಕರೆದು ಒಂದು ಗುರುವಂದನೆಯೂ ಆಗಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಊರಿನವರಿಗೆ ಅಚ್ಚು ಹಾಕಿಸಿದ ಕಾಗದ. ಪರಊರು, ಪರದೇಶದಲ್ಲಿರುವವರಿಗೆ ಈಮೇಲು. ಈಮೇಲಿನ ಮಾತು ಬಂದ ಕೂಡಲೇ ಹರಿಹರ ಚಾಪೆಯಿಂದ ಎದ್ದು ನಿಂತು, ಅದು ತನಗಿರಲಿ ಎಂದ. ಕೊಪ್ಪದ ಬಾಳಗಡಿಯ ಕಾಲೇಜಿನ ಎದುರಿಗೆ ಅವನದು ಪುಸ್ತಕ, ಪೆನ್ನು, ಜೆರಾಕ್ಸಿನ ಅಂಗಡಿ. ಕಂಪ್ಯೂಟರೂ ಇತ್ತು. ಇಡೀ ಬಳಗದಲ್ಲಿ ಮೊದಲು ಈಮೇಲ್ ವಿಳಾಸ ಮಾಡಿಸಿದವನು ತಾನೇ ಎಂಬ ಹೆಮ್ಮೆಯೂ ಇತ್ತು. ಅದಕ್ಕೆ ಆವರೆಗೆ ಯಾರೂ ಈಮೇಲು ಕಳಿಸಿರಲಿಲ್ಲ ಎಂಬುದು ಬೇರೆ ವಿಷಯ.

ಹರಿಹರ ಆ ಕೆಲಸವನ್ನು ಒಂದು ವ್ರತದಂತೆ ಮಾಡಿದ. ಶಿಷ್ಯರ ಅಪ್ಪ, ಅಮ್ಮ, ಚಿಕ್ಕಪ್ಪಂದಿರನ್ನು ಹುಡುಕಿಕೊಂಡು ಹೋಗಿ ವಿಳಾಸ ಬರೆದುಕೊಂಡು ಬಂದ. ಮೇಷ್ಟ್ರ ಶಿಷ್ಯರೆಂದರೆ ಈಗ ಡಾಕ್ಟರು, ಎಂಜಿನಿಯರು, ಒಬ್ಬರಂತೂ ಜಡ್ಜು. ಅಂಥವರನ್ನು ಕರೆಯುವಾಗ ಯಾರಿಗೆ ಎಷ್ಟು ಗೌರವ ಸಲ್ಲಬೇಕೋ ಅಷ್ಟನ್ನೂ ಸಲ್ಲಿಸಿ, ಒಂದೊಂದೇ ವಿಳಾಸವನ್ನು ಸ್ವಂತ ಕೈಯಿಂದ ಟೈಪು ಮಾಡಿದ. ಕೊನೆಯಲ್ಲಿ "ಆಗಮನಾಭಿಲಾಷಿ, ಹಿರಿಯ ಅಳಿಯ ಹರಿಹರ, ಕೊಪ್ಪ" ಎಂದು ಹಾಕಿ, ಅದನ್ನು ಎರಡು ಸಲ ಓದಿದ.

ಕಳಿಸಲು ಹೋದರೆ ಅವನ ಪುಕ್ಕಟೆ ಈಮೇಲು, ಅಷ್ಟೊಂದು ಜನಕ್ಕೆ ಒಟ್ಟಿಗೆ ಕಳಿಸಲು ಬರುವುದಿಲ್ಲ ಎಂದು ಕೈಚೆಲ್ಲಿತು. ಪಕ್ಕದಲ್ಲೇ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಅರ್ಪಿತಾಳನ್ನು ಕೇಳಿದ. ಅವಳು, ಸಾವಿರ ಜನಕ್ಕಾದರೂ ಒಂದೇ ಸಲ ಕಳಿಸುವ ಸಾಫ್ಟ್‌ವೇರು ಈ ಕಡೆ ಇರುವುದು ಒಂದೇ, ಅದನ್ನು ಶೃಂಗೇರಿಯ ಒಂದು ಲಾಡ್ಜಿನ ವೆಬ್‌ಸೈಟಿಗೆ ತಾನೇ ಕೂರಿಸಿದ್ದೇನೆ, ಯಾತ್ರಿಕರಿಗೆ ನವರಾತ್ರಿಯ ಶುಭಾಶಯ ಕಳಿಸಲು ಅಂತ ಎಂದಳು. ಆ ಲಾಡ್ಜು ಯಾರದೆಂದು ಹರಿಹರ ಕೇಳಲಿಲ್ಲ. ಆ ವೆಬ್‌ಸೈಟನ್ನು ಅವನು ಅಂಗಡಿಯ ಬಾಗಿಲು ಹಾಕಿಕೊಂಡು ಹಲವು ಸಲ ನೋಡಿದ್ದ. ತೆರೆದ ಕೂಡಲೇ ವೆಂಕಟಯ್ಯ ಕೈಮುಗಿದುಕೊಂಡು ನಿಂತ ಫೋಟೋ ಬರುತ್ತಿತ್ತು.

ಮಾವನ ಕೆಲಸವೆಂದು ಹರಿಹರ ಆ ವಿಷವನ್ನೂ ನುಂಗಿದ. ಕಾಗದದಲ್ಲಿ ಮಾತ್ರ ತನ್ನ ಹೆಸರೇ ಇರಬೇಕು, ಲಾಡ್ಜಿನ ಸುಳಿವೂ ಕಾಣಬಾರದು ಎಂದು ಕರಾರು ಹಾಕಿದ. "ಇಂದ" ಅನ್ನುವ ಜಾಗದಲ್ಲಿ ನಿಮ್ಮ ಹೆಸರೇ ಬರತ್ತೆ ಎಂದು ಅರ್ಪಿತಾ ಮಾತು ಕೊಟ್ಟು, ಅವನ ಫ್ಲಾಪಿಯನ್ನು ಹಾಕಿ ಗುಂಡಿ ಒತ್ತಿದಳು. ಹರಿಹರ ಮನೆಗೆ ಹೋಗಿ ಉತ್ತರಗಳಿಗೆ ಕಾದ.

ಉತ್ತರಗಳು ಬಂದವು. ಬಂದದ್ದು ಶೃಂಗೇರಿಗೆ.

ಸುದ್ದಿಯನ್ನು ಗಂಗಾಂಬಿಕೆ ಅಕ್ಕನಿಗೆ ಫೋನು ಮಾಡಿ ಹೇಳಿದಳು. ಲಾಡ್ಜಿನ ಕಂಪ್ಯೂಟರಿಗೆ ಬೆಳಿಗ್ಗೆಯಿಂದ ಈಮೇಲು ಬಂದದ್ದೇ ಬಂದದ್ದು, ಇವರು ಸ್ನಾನಕ್ಕೂ ಏಳಲಿಲ್ಲ ಎಂದಳು. ರಾಧಮ್ಮ ಅದನ್ನು ಗಂಡನಿಗೆ ತಲುಪಿಸುವಾಗ ಸ್ವಲ್ಪ ಮೆತ್ತಗೆ ಮಾಡಿಯೇ ಹೇಳಿದಳು. ಹರಿಹರ ಓಡಿಹೋಗಿ ತನ್ನ ಈಮೇಲಿನ ಡಬ್ಬಿ ತೆರೆದು ನೋಡಿದ. ಅದು ತೊಳೆದಿಟ್ಟ ಪಾತ್ರೆಯಂತೆ ಖಾಲಿ ಇತ್ತು.

ಶೃಂಗೇರಿಯಲ್ಲಿ ನಡೆದದ್ದು ಇಷ್ಟು. ವೆಂಕಟಯ್ಯನ ಇಂಗ್ಲಿಷು, ಡಬಲ್ ರೂಮು, ಸಿಂಗಲ್ ರೂಮು, ಹಾಟ್ ವಾಟರ್ ಎಂಬಲ್ಲಿಗೆ ನಿಲ್ಲುತ್ತಿತ್ತು. ಬಂದ ಪ್ರತಿಯೊಂದು ಈಮೇಲಿನ ತಲೆಯ ಮೇಲೂ "ಡೆಲಿವರಿ" ಎಂಬ ಪದ ದಪ್ಪಕ್ಷರದಲ್ಲಿ ಕಂಡಿತು. ಡೆಲಿವರಿ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಮುಂದಕ್ಕೆ ಓದಲಿಲ್ಲ. ಮೊದಲ ಪದದಲ್ಲೇ ಸಾರಾಂಶ ಹಿಡಿಯುವವರ ಜಾತಿ ಅವನದು. ಎಲ್ಲವನ್ನೂ ಬರೆದವನು ಒಬ್ಬನೇ ಎಂಬುದನ್ನು ಮಾತ್ರ ಗಮನಿಸಿದ. ಹೆಸರು ಮೇಲರ್ ಡೇಮನ್. ಕೂಡಲೇ ನರಸಿಂಹರಾಜಪುರಕ್ಕೆ ಫೋನು ಮಾಡಿ, ಕಾಗದವೆಲ್ಲ ಡೆಲಿವರಿ ಆಗಿದೆ, ಉತ್ತರವೂ ಬರ್ತಾ ಇದೆ, ಎಲ್ಲರ ಪರವಾಗಿ ಡೇಮನ್ ಅನ್ನುವವರು ಬರೀತಾ ಇದಾರೆ ಎಂದ.

ಮೇಷ್ಟ್ರು ಫೋನು ಹಿಡಿದುಕೊಂಡೇ ಕಣ್ಣು ಮುಚ್ಚಿ ಯೋಚಿಸಿದರು. ಡೇಮನ್ ಅಲ್ಲ, ಡೇಮಿಯನ್ ಇರಬೇಕು ಎಂದರು. ಬಾಳೆಹೊನ್ನೂರಿನ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗ ಡೇಮಿಯನ್, ಮೊದಲ ಬ್ಯಾಚಿನವನು, ಕ್ಲಾಸ್ ಲೀಡರ್ ಆಗಿದ್ದವನು. ಅಷ್ಟು ವರ್ಷದ ಮೇಲೂ ತನ್ನ ಮಾತು ಬಂದ ಕೂಡಲೇ ಮುಂದೆ ನಿಂತು ಎಲ್ಲರನ್ನೂ ಹೊರಡಿಸುತ್ತಿದ್ದಾನೆಂದರೆ, ಆ ಕಾಲದ ಹುಡುಗರೇ ಹಾಗೆ ಎಂದು ಮೇಷ್ಟ್ರು ಸಂಜೆಯವರೆಗೂ ಹೇಳುತ್ತಲೇ ಇದ್ದರು.

ಸುಬ್ಬಮ್ಮನವರಿಗೆ ಇಂಗ್ಲಿಷೂ ಬೇಡ, ಡೇಮಿಯನ್ನೂ ಬೇಡ. ಲಾಡ್ಜಿಗೆ ಕಾಗದ ಬರೆಯುತ್ತಾರೆಂದರೆ ರೂಮಿಗೇ ಅಲ್ಲವೇ, ರೂಮು ಕೇಳುತ್ತಾರೆಂದರೆ ಬರುತ್ತಾರೆಂದೇ ಅಲ್ಲವೇ. ಮುತ್ತಿನಕೊಪ್ಪದ ಅಡುಗೆ ಭಟ್ಟರಿಗೆ ಹೇಳಿಕಳಿಸಿ, ಊಟದ ಎಲೆ ಎರಡರಷ್ಟು ಮಾಡಿಸಿದರು. ಮರುದಿನ ಮತ್ತಷ್ಟು ಈಮೇಲು ಬಂತೆಂದು ತಿಳಿದು, ಒಂದೇ ಇದ್ದ ಸಿಹಿ ಎರಡಾಯಿತು. ವೆಂಕಟಯ್ಯ ಲಾಡ್ಜಿನ ಒಂದು ಮಹಡಿಯನ್ನೇ ಶಿಷ್ಯರಿಗೆಂದು ಖಾಲಿ ಇಟ್ಟ. "ನಮ್ಮ ವೆಂಕಟ ಇಲ್ದಿದ್ರೆ ಈ ಕಾರ್ಯ ಆಗೋದಲ್ಲ" ಎಂದು ಸುಬ್ಬಮ್ಮನವರು ಬಂದವರಿಗೆಲ್ಲ ಹೇಳತೊಡಗಿದರು. ನಮ್ಮ ವೆಂಕಟ. ಈ ಎರಡು ಪದಗಳು ಬಸ್ಸು ಹತ್ತಿ ಕೊಪ್ಪಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹರಿಹರ ಉರಿದ. ಹೆಸರು ತನ್ನದು, ಪಟ್ಟಿ ತನ್ನದು, ಬಿಸಿಲಲ್ಲಿ ತಿರುಗಿದ ಕಾಲು ತನ್ನದು. ಉತ್ತರ ಅವನಿಗೆ, ಹೊಗಳಿಕೆ ಅವನಿಗೆ, ದೋಸೆಯಂತೂ ಮೊದಲಿಂದಲೂ ಅವನಿಗೇ. ಅಂಗಡಿಯಲ್ಲಿ ಜೆರಾಕ್ಸ್ ಮಾಡುವಾಗ ಹಾಳೆಯನ್ನು ಮಗುಚಿ ಹಾಕಿ, ಖಾಲಿ ಬದಿಯನ್ನೇ ಪ್ರತಿ ತೆಗೆದು ಕೊಟ್ಟ. ಕಾಲೇಜಿನ ಲೆಕ್ಚರರೊಬ್ಬರು, ನಿಮ್ಮ ಮಾವನವರ ಕಾರ್ಯಕ್ರಮವನ್ನು ಶೃಂಗೇರಿಯವರು ಮಾಡಿಸ್ತಿದ್ದಾರಂತೆ, ನಿಮಗೂ ಕರೆ ಬಂದಿದ್ಯಾ ಎಂದು ವಿಚಾರಿಸಿದರು. ಅವರು ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಅದೇ ಹೆಚ್ಚು ನೋಯಿಸಿತು. ಹರಿಹರ ಅಂಗಡಿಯನ್ನು ಹಾಗೇ ಬಿಟ್ಟು ಅರ್ಪಿತಾಳ ಸೆಂಟರಿಗೆ ನುಗ್ಗಿದ.

ಅರ್ಪಿತಾ ಆಗ ಟ್ಯಾಲಿ ಕ್ಲಾಸು ಮಾಡುತ್ತಿದ್ದಳು. ಇಡೀ ಕ್ಲಾಸಿನ ಎದುರಿಗೆ ಹರಿಹರ ಅವಳ ಮೇಲೆ ಪಕ್ಷಪಾತದ ಆರೋಪ ಹೊರಿಸಿದ. ವೆಂಕಟಯ್ಯ ಏನು ಕೊಟ್ಟು ಅವಳನ್ನು ತನ್ನ ಕಡೆ ಮಾಡಿಕೊಂಡ ಎಂದು ಕೇಳಿದ. ಅವಳು ಬಹಳ ಸಮಾಧಾನದ ಹೆಣ್ಣು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಒಂದು ಕವರಿನ ಚಿತ್ರ ಬರೆದಳು.

"ನೋಡಿ ಹರಿಹರಣ್ಣ, ಕವರಿನ ಒಳಗೆ ಆಮಂತ್ರಣ ಇರತ್ತೆ. ಅದ್ರಲ್ಲಿ ನಿಮ್ಮ ಹೆಸರಿದೆ. ಓದೋರಿಗೆ ಕಾಣೋದು ಅದೇ. ಕವರಿನ ಹಿಂದೆ ಇನ್ನೊಂದು ಹೆಸರು ಇರತ್ತೆ, ಅದು ಸಾಗಿಸೋರಿಗೆ ಮಾತ್ರ. ಕಾಗದ ತಲುಪದೆ ವಾಪಸ್ ಬಂದ್ರೆ ಆ ಹಿಂದಿನ ಹೆಸರಿಗೆ ಬರತ್ತೆ. ಸಾಫ್ಟ್‌ವೇರ್ ಲಾಡ್ಜಿಂದು, ಹಂಗಾಗಿ ಹಿಂದಿನ ಹೆಸರು ಲಾಡ್ಜಿಂದು ಇದೆ."

ಹೊಟ್ಟೆಕಿಚ್ಚಿನವನ ಕಿವಿ ಒಂದು ವಾಕ್ಯದಲ್ಲಿ ಒಂದು ಪದವನ್ನು ಮಾತ್ರ ಆರಿಸಿಕೊಳ್ಳುತ್ತದೆ. ಅರ್ಪಿತಾ ಹೇಳಿದ್ದರಲ್ಲಿ "ತಲುಪದೆ" ಎಂಬ ಪದವೂ ಇತ್ತು, "ವಾಪಸ್" ಎಂಬ ಪದವೂ ಇತ್ತು. ಹರಿಹರನಿಗೆ ಕೇಳಿಸಿದ್ದು "ಹಿಂದಿನ ಹೆಸರು ಲಾಡ್ಜಿಂದು" ಎಂಬುದಷ್ಟೇ. ಬೆನ್ನ ಹಿಂದೆ ಹೆಸರು ಹಾಕಿಸಿಕೊಳ್ಳುವುದು ವೆಂಕಟಯ್ಯನ ಹುಟ್ಟುಗುಣ ಎಂದ. ಆ ಹೆಸರನ್ನು ಈಗಲೇ ತೆಗೆದು ತನ್ನದನ್ನು ಹಾಕಬೇಕು, ಕಾಗದವನ್ನು ಎಲ್ಲರಿಗೂ ಮತ್ತೊಮ್ಮೆ ಕಳಿಸಬೇಕು ಎಂದು ಪಟ್ಟು ಹಿಡಿದ. ಬರೋದೆಲ್ಲ ನಿಮ್ಮ ಡಬ್ಬಿಗೆ ಬಂದು ತುಂಬತ್ತೆ, ಯೋಚನೆ ಮಾಡಿ ಎಂದಳು ಅರ್ಪಿತಾ. ತುಂಬಲಿ ಎಂದ. ಎರಡು ಸಲ ಕಳಿಸಿದರೆ ಜನ ಏನಂದುಕೊಳ್ಳುತ್ತಾರೆ ಎಂದಳು. ಎರಡು ಸಲ ಕರೆದರೆ ಮರ್ಯಾದೆ ಎರಡು ಪಟ್ಟು ಎಂದ. ಟ್ಯಾಲಿ ಕಲಿಯುವವರು ಹಲಗೆ ನೋಡುವುದು ಬಿಟ್ಟು ಇವನನ್ನೇ ನೋಡುತ್ತಿದ್ದರು. ಕ್ಲಾಸು ಕೆಡುತ್ತಿದೆಯೆಂದು ಅರ್ಪಿತಾ ಅವನು ಹೇಳಿದಂತೆಯೇ ಮಾಡಿದಳು.

ಸಂಜೆಯೊಳಗೆ ಹರಿಹರನ ಡಬ್ಬಿ ಉಕ್ಕಿತು.

ಅವನ ಸಂತೋಷವನ್ನು ಏನೆಂದು ಹೇಳುವುದು. ಯಾರೂ ಕಾಗದ ಹಾಕದ ಆ ಡಬ್ಬಿಗೆ ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು, ಎಲ್ಲವೂ ಅದೇ ಡೇಮನ್ ಸಾಹೇಬರಿಂದ. ಅವನು ಒಂದನ್ನೂ ತೆರೆದು ಓದಲಿಲ್ಲ. ಎಣಿಸುವುದರಲ್ಲೇ ಅಷ್ಟು ಸುಖವಿರುವಾಗ ಓದುವ ಕಷ್ಟ ಯಾರಿಗೆ ಬೇಕು. ರಾಧಮ್ಮನನ್ನು ಕರೆದು ತೋರಿಸಿದ. ಪಕ್ಕದ ಹೊಲಿಗೆ ಅಂಗಡಿಯವನನ್ನು ಕರೆದು ತೋರಿಸಿದ. ಜೆರಾಕ್ಸಿಗೆ ಬಂದ ಲೆಕ್ಚರರನ್ನು ಕೂರಿಸಿ, ಕಾಫಿ ತರಿಸಿ, ಕರೆ ನಮಗೆ ಬರುವುದಲ್ಲ ಸಾರ್, ನಮ್ಮಿಂದ ಹೋಗುವುದು ಎಂದು ವಿವರಿಸಿದ. ಆಮೇಲೆ ಎಲ್ಲವನ್ನೂ ಒಳ್ಳೆಯ ಕಾಗದದಲ್ಲಿ ಪ್ರಿಂಟು ತೆಗೆದು, ದಾರದಿಂದ ಕಟ್ಟಿ, ಭಾನುವಾರ ಬೆಳಗ್ಗೆ ಹೆಂಡತಿಯೊಡನೆ ನರಸಿಂಹರಾಜಪುರದ ಬಸ್ಸು ಹತ್ತಿದ. ಬಸ್ಸಿನಲ್ಲಿ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.

ಅತ್ತೆಮನೆಯಲ್ಲಿ ವೆಂಕಟಯ್ಯ ಅದಾಗಲೇ ಬಂದಿದ್ದ. ಅವನ ಮುಖ ಸಪ್ಪಗಿತ್ತು. ಎರಡು ದಿನದಿಂದ ಲಾಡ್ಜಿಗೆ ಒಂದೂ ಉತ್ತರ ಬಂದಿರಲಿಲ್ಲ. ಡೇಮಿಯನ್ನನಿಗೆ ಮೈ ಹುಷಾರಿಲ್ಲವೇನೋ ಎಂದು ಮೇಷ್ಟ್ರು ಚಿಂತೆಯಲ್ಲಿದ್ದರು. ಹರಿಹರ ಈ ಹೊತ್ತಿಗೇ ಕಾದಿದ್ದವನಂತೆ ನಡುಮನೆಗೆ ಹೋಗಿ ಕಟ್ಟನ್ನು ಮಾವನ ಕಾಲ ಬಳಿ ಇಟ್ಟು ನಮಸ್ಕಾರ ಮಾಡಿದ.

"ಡೇಮನ್ನರು ಆರೋಗ್ಯವಾಗಿದಾರೆ. ಈಗ ನಂಗೇ ಬರೀತಿದಾರೆ. ಹಿರಿಯ ಅಳಿಯ ಇರುವಾಗ ಕಿರಿಯರಿಗೆ ಬರೆದದ್ದೇ ತಪ್ಪಾಯ್ತು ಅಂತ ಕಾಣತ್ತೆ."

ಕೊನೆಯ ಮಾತನ್ನು ಅವನು ಅಲ್ಲೇ ಸೃಷ್ಟಿಸಿದ್ದು. ವೆಂಕಟಯ್ಯನ ಮುಖ ಇನ್ನೊಂದಿಷ್ಟು ಇಳಿಯಿತು. ಹರಿಹರನ ಹೊಟ್ಟೆಗೆ ಎಷ್ಟೋ ವರ್ಷದ ಮೇಲೆ ತಂಪಾಯಿತು. ಅಡುಗೆಮನೆಯ ಬಾಗಿಲಲ್ಲಿ ಸುಬ್ಬಮ್ಮನವರು ಬಂದು ನಿಂತದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡ.

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ಭೂತಗನ್ನಡಿಯನ್ನೂ ಕೈಗೆ ತೆಗೆದುಕೊಂಡು ಮೇಲಿನ ಹಾಳೆಯನ್ನು ಓದಿದರು. ಎರಡನೆಯದನ್ನು ಓದಿದರು. ಮಧ್ಯದಿಂದ ಒಂದನ್ನು ಎಳೆದು ಓದಿದರು. ಆಮೇಲೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಧ್ವನಿಯಲ್ಲೇ ಎಲ್ಲರಿಗೂ ಕೇಳುವಂತೆ ಅನುವಾದಿಸಿದರು.

"ತಮ್ಮ ಕಾಗದವನ್ನು ತಲುಪಿಸಲು ಸಾಧ್ಯವಾಗಲಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಈ ವಿಳಾಸದಲ್ಲಿ ಈ ಹೆಸರಿನವರು ಯಾರೂ ಇಲ್ಲ." ಸ್ವಲ್ಪ ತಡೆದು, "ವ್ಯಾಕರಣ ಸರಿ ಇದೆ" ಎಂದರು.

ಮೇಷ್ಟ್ರು ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು. ಕಾಗದ ಯಾರಿಗೆ ಹೋಗಿತ್ತೆಂದು ಅದರಲ್ಲೇ ಬರೆದಿತ್ತು. ಎಸ್, ಆರ್, ಐ, ಆಮೇಲೆ ನಾಗಭೂಷಣ. ಮತ್ತೊಂದರಲ್ಲಿ ಎಸ್, ಆರ್, ಐ, ಆಮೇಲೆ ಸದಾನಂದ. ಹೆಣ್ಣುಮಕ್ಕಳದಾದರೆ ಎಸ್, ಎಂ, ಟಿ. ಜಡ್ಜಿನ ವಿಳಾಸಕ್ಕೆ ಮಾತ್ರ ಎರಡು ಶ್ರೀ ಇದ್ದವು.

"ನಮ್ಮ ನಾಗಭೂಷಣನ ವಿಳಾಸದಲ್ಲಿ ಈ ಶ್ರೀ ಎಲ್ಲಿಂದ ಬಂತು?" ಎಂದು ಮೇಷ್ಟ್ರು ಕೇಳಿದರು.

ಹರಿಹರನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರ ಮನೆಯವರು ಬರೀ ಹೆಸರು ಹೇಳಿದ್ದರು, ಶ್ರೀ ತಾನೇ ಹಾಕಿದ್ದು ಎಂದ. ಇಷ್ಟು ದೊಡ್ಡ ಹುದ್ದೆಯಲ್ಲಿರುವವರನ್ನು ಶುಭಕಾರ್ಯಕ್ಕೆ ಕರೆಯುವಾಗ ಬೋಳು ಹೆಸರು ಬರೆಯುವುದು ಹೇಗೆ, ನಾಳೆ ಅವರು ಏನಂದುಕೊಳ್ಳುತ್ತಾರೆ ಎಂದ. ಕವರಿನ ಮೇಲೆ ಶ್ರೀ ಇಲ್ಲದಿದ್ದರೆ ಅಂಚೆಯವನು ಕೊಡದೇ ಇರುತ್ತಾನೆಯೇ, ಇದ್ದರೆ ಬೇಡವೆನ್ನುತ್ತಾನೆಯೇ ಎಂದೂ ವಾದಿಸಿದ. ಎಲ್ಲರಿಗೂ ಹಾಕಿದ್ರಾ ಎಂದರು ಮೇಷ್ಟ್ರು. ಒಬ್ಬರನ್ನೂ ಬಿಟ್ಟಿಲ್ಲ ಎಂದ ಹರಿಹರ, ಆ ಘಳಿಗೆಯಲ್ಲೂ ಒಂದಿಷ್ಟು ಹೆಮ್ಮೆಯಿಂದ.

"ಹಾಗಾದ್ರೆ ಯಾರಿಗೂ ಮುಟ್ಟಿಲ್ಲ" ಎಂದು ಮೇಷ್ಟ್ರು ಹಾಳೆಗಳನ್ನು ಒಟ್ಟುಮಾಡಿ ಬದಿಗಿಟ್ಟರು. "ಡೇಮಿಯನ್ನು ಕ್ಲಾಸಲ್ಲೂ ಹೀಗೇ. ಹಾಜರಿ ತಗೊಳ್ಳುವಾಗ ಬಾರದವರ ಹೆಸರು ಹೇಳೋಕೆ ಮಾತ್ರ ಎದ್ದು ನಿಲ್ತಿದ್ದ."

ಅವರು ನಗಿಸಲೆಂದೇ ಹೇಳಿದ್ದು, ಆದರೆ ಅವರ ಕೈ ಕನ್ನಡಕದ ಮನೆಯನ್ನು ಎರಡು ಸಲ ತಡಕಿತು. ಹರಿಹರ ಅದನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಇಷ್ಟಾದ ಮೇಲೆ ಆ ಈಮೇಲುಗಳ ಒಡೆತನ ಯಾರಿಗೂ ಬೇಡವಾಯಿತು. ವೆಂಕಟಯ್ಯ ಮೆಲ್ಲಗೆ ಗೋಡೆಗೆ ಸರಿದು, ತನಗೆ ಬಂದಿದ್ದು ಮೊದಲಿನ ಒಂದಿಷ್ಟು ಮಾತ್ರ, ಅದೂ ತಿಳಿಯದೆ, ಈಗ ಎಲ್ಲ ಭಾವನ ಹೆಸರಿಗೇ ಇದೆ, ಅವರು ಹಿರಿಯರು, ಅವರಿಗೇ ಸಲ್ಲಬೇಕು ಎಂದ. ಹರಿಹರ, ಡೆಲಿವರಿ ಎಂದು ಫೋನು ಮಾಡಿದ್ದು ತಾನಲ್ಲವಲ್ಲ ಎಂದ. ಸಾಫ್ಟ್‌ವೇರು ಯಾರದು ಎಂದೂ ಕೇಳಿದ. ಶ್ರೀ ಯಾರದು ಎಂದು ವೆಂಕಟಯ್ಯ ತಿರುಗಿ ಕೇಳಿದ. ಆಗ ಅಡುಗೆಮನೆಯ ಬಾಗಿಲಿಂದ ಸುಬ್ಬಮ್ಮನವರು ಎರಡು ಹೆಜ್ಜೆ ಮುಂದೆ ಬಂದರು. ಕೈಯಲ್ಲಿ ದೋಸೆ ಮಗುಚುವ ಕೈ ಹಾಗೇ ಇತ್ತು.

"ಎಂತ ಮಾಡಿಟ್ಯೋ ಹರಿಹರ. ತಲೇಲಿ ಎಂತ ತುಂಬ್ಕಂಡಿದೀಯ ನೀನು? ಮುತ್ತಿನಕೊಪ್ಪದ ಭಟ್ರಿಗೆ ಈಗ ನಾ ಎಂತ ಹೇಳ್ಲಿ, ನಿನ್ ತಲೆ ಹೇಳ್ಲಾ?"

ಗಂಗಾಂಬಿಕೆ ನಾಲಿಗೆ ಕಚ್ಚಿಕೊಂಡಳು. ರಾಧಮ್ಮ ಅಮ್ಮನ ತೋಳು ಹಿಡಿದಳು. ಮೇಷ್ಟ್ರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಹಿರಿಯ ಅಳಿಯನಿಗೆ ಆ ಮನೆಯಲ್ಲಿ ಅಂಥ ಮಾತು ಬಿದ್ದದ್ದಿಲ್ಲ. ಅವಮಾನ ತಾಳದೆ ಈಗ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾನೆಂದು ಎಲ್ಲರೂ ಅವನನ್ನೇ ನೋಡಿದರು.

ಹರಿಹರ ಅಲುಗಲಿಲ್ಲ. ಅವನ ಮುಖದಲ್ಲಿ ಏನೋ ಅರಳುತ್ತಿತ್ತು.

"ಎಂತ ಅಂದ್ರಿ ಅತ್ತೆ?" ಎಂದು ಬಹಳ ಮೆಲ್ಲಗೆ ಕೇಳಿದ.

"ಕಿವೀನೂ ಹೋಯ್ತೇನೋ? ಹಲ್ಲು ಕಿರೀತಾ ನಿಂತಿದೀಯಲ್ಲ. ನಡಿ, ಆ ಶ್ರೀಗಳನ್ನೆಲ್ಲ ಕಿತ್ತು ಹಾಕಿ ಮತ್ತೆ ಕಳ್ಸು. ತಿಂದ್ಕಂಡು ಹೋಗು, ಬರಿಹೊಟ್ಟೇಲಿ ಹೋಗಿ ಮತ್ತೊಂದು ಅವಾಂತರ ಮಾಡ್ಬೇಡ." ಅಷ್ಟು ಹೇಳಿ ಅವರು ಇನ್ನೊಬ್ಬ ಅಳಿಯನ ಕಡೆ ತಿರುಗಿದರು. ದನಿ ಥಟ್ಟನೆ ಇಳಿದು ತಣ್ಣಗಾಯಿತು. "ನೀವು ಕೂತ್ಕೊಳ್ಳಿ ವೆಂಕಟಯ್ಯನವರೇ. ಡೆಲಿವರಿ ಓದಿ ಓದಿ ದಣಿದಿದೀರಿ."

ವೆಂಕಟಯ್ಯ ಕೂರಲಿಲ್ಲ. ನಿಂತಲ್ಲೇ ಬಿಳಿಚಿಕೊಂಡ. ಹುಟ್ಟಿದಾಗಿನಿಂದ ಸೋದರತ್ತೆಯ ಬಾಯಲ್ಲಿ "ನೀವು" ಎಂಬ ಪದವನ್ನು ಅವನು ಕೇಳಿರಲಿಲ್ಲ.

ಹರಿಹರ ಅಡುಗೆಮನೆಗೆ ಹೋಗಿ ತಿಂದ. ಏನು ತಿಂದೆನೆಂದು ಅವನಿಗೇ ತಿಳಿಯಲಿಲ್ಲ. ಸುಬ್ಬಮ್ಮನವರು ಬಡಿಸುತ್ತಲೂ ಬೈಯುತ್ತಲೂ ಇದ್ದರು. ಸ್ವಲ್ಪ ನಿಂತರೆ ಸಾಕು, "ಆ ಜಡ್ಜಿಗೆ ಎರಡು ಶ್ರೀ ಹಾಕಿದ್ದು ನಾನೇ" ಎಂದು ಅವನು ಉರಿಗೆ ಒಂದು ಕೊಳ್ಳಿ ಸೇರಿಸುತ್ತಿದ್ದ. ಮತ್ತೆ ಶುರುವಾಗುತ್ತಿತ್ತು.

ಆಮೇಲೆ ಅರ್ಪಿತಾಳ ಸೆಂಟರಿನಲ್ಲಿ ಕೂತು ಶ್ರೀಗಳನ್ನೂ ಶ್ರೀಮತಿಗಳನ್ನೂ ಒಂದೊಂದಾಗಿ ಅಳಿಸಿದ. ಜಡ್ಜಿನ ಬೋಳು ಹೆಸರನ್ನು ಕಳಿಸುವಾಗ ಮಾತ್ರ ಕಂಪ್ಯೂಟರಿಗೆ ಒಮ್ಮೆ ಕೈಮುಗಿದ. ಡೇಮನ್ ಎಂದರೆ ಮನುಷ್ಯನೇ ಅಲ್ಲ, ತಲುಪದ ಈಮೇಲನ್ನು ವಾಪಸ್ ಕಳಿಸುವ ಯಂತ್ರ ಎಂದು ಅರ್ಪಿತಾ ಆಗ ತಿಳಿಸಿದಳು. ಈ ಸಲ ಕಾಗದಗಳು ಹೋದವು. ಡೇಮನ್ ಸಾಹೇಬರು ಎಲ್ಲೋ ಒಂದೆರಡು ಸಲ ವಿಷಾದಿಸಿ ಸುಮ್ಮನಾದರು. ನಿಜವಾದ ಉತ್ತರಗಳು ಬಂದವು. ಗುರುವಂದನೆಗೆ ಶಿಷ್ಯರು, ಭಟ್ಟರು ಮಾಡಿದ ಅಡುಗೆ ಹಾಳಾಗದಷ್ಟು ಬಂದರು. ಬಂದವರಲ್ಲಿ ಜಡ್ಜೂ ಒಬ್ಬರು. ಮೇಷ್ಟ್ರು ಅವರನ್ನು ಎಲ್ಲರ ಎದುರಿಗೆ "ಏನೋ, ದಪ್ಪ ಆಗಿದೀಯಲ್ಲೋ" ಎಂದರು. ಜಡ್ಜು ಕಣ್ಣೊರೆಸಿಕೊಂಡು ಕಾಲಿಗೆ ಬಿದ್ದರು.

ಗೊಣಗಾಟಗಳೂ ಬಂದವು. ಕರೆ ತಡವಾಗಿ ಮುಟ್ಟಿತು ಎಂದು ಒಬ್ಬರು, ರೂಮಿನಲ್ಲಿ ನೀರು ಬರಲಿಲ್ಲ ಎಂದು ಒಬ್ಬರು, ನಮ್ಮ ತಮ್ಮನನ್ನು ಕರೆಯಲೇ ಇಲ್ಲ ಎಂದು ಒಬ್ಬರು. ಸುಬ್ಬಮ್ಮನವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. "ಅದನ್ನೆಲ್ಲ ನಮ್ಮ ಹರಿಹರನ ಹತ್ರ ಹೇಳಿ. ಅವನೇ ಮಾಡಿದ್ದು ಇದೆಲ್ಲ." ಹರಿಹರ ಚಪ್ಪರದ ಬಾಗಿಲಲ್ಲಿ ನಿಂತು ಬಂದ ಬೈಗುಳವನ್ನೆಲ್ಲ ಎರಡೂ ಕೈಯಿಂದ ಸ್ವೀಕರಿಸಿದ. ವೆಂಕಟಯ್ಯ ದೂರದ ಕುರ್ಚಿಯಲ್ಲಿ ಕೂತು ಇದನ್ನು ನೋಡುತ್ತಿದ್ದ. ಅವನಿಗೆ ಆ ದಿನ ಯಾರೂ ಒಂದು ಕೆಲಸ ಹೇಳಿರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಷಡ್ಡಕರು ಒಟ್ಟಿಗೆ ನಿಂತಿದ್ದರು. ಹೆಂಗಸರು ಹೂವಿನಂಗಡಿಯ ಮುಂದಿದ್ದರು. ವೆಂಕಟಯ್ಯ ಸುಮಾರು ಹೊತ್ತು ಚಪ್ಪಲಿಯಿಂದ ನೆಲ ಕೆರೆದ.

"ಭಾವ, ಆ ಕವರಿನ ಹಿಂದಿನ ಹೆಸರು ಇದ್ಯಲ್ಲ. ಅದನ್ನ ಮತ್ತೆ ನನ್ನ ಹೆಸರಿಗೇ ಮಾಡಿಸೋಣ ಅಂತ. ಸಾಫ್ಟ್‌ವೇರ್ ಹೆಂಗೂ ನಂದೇ. ಅತ್ತೆ ಹತ್ರ ನಾನೇ ಹೇಳ್ತೀನಿ, ತಪ್ಪೆಲ್ಲ ನಂದೇ ಅಂತ."

ಹರಿಹರ ಅವನ ಹೆಗಲ ಮೇಲೆ ಕೈ ಇಟ್ಟ. ಷಡ್ಡಕನನ್ನು ಅವನು ಅಷ್ಟು ಅಕ್ಕರೆಯಿಂದ ಮುಟ್ಟಿದ್ದು ಅದೇ ಮೊದಲು.

"ಛೆ ಛೆ, ನಿಮಗೆಂತಕ್ಕೆ ತೊಂದ್ರೆ ವೆಂಕಟಯ್ಯನವರೇ? ವಾಪಸ್ ಬರೋದೆಲ್ಲ ಇನ್ನು ನಂಗೇ ಬರ್ಲಿ" ಎಂದು ಹೇಳಿ, ಕೊಪ್ಪದ ಬಸ್ಸು ಹತ್ತಿದ.